ನಾಳೆಯ ನೀರು: ಊರ ತೀರ್ಮಾನ, ಒಬ್ಬನ ಆತುರ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬಿದ್ದ ಮಳೆಯನ್ನು ತಡೆದು ನಿಲ್ಲಿಸಿ ಕಾಯುವುದೇ ಈ ಸೀಮೆಯ ಹಳೆಯ ದಾರಿ. ಇಲ್ಲಿ ಕೆರೆ ಕಟ್ಟುವುದೆಂದರೆ ಇಂದಿನ ದುಡಿಮೆಯನ್ನು ನಾಳಿನ ಬೆಳೆಗಾಗಿ ತೊಡಗಿಸಲು ಊರು ಒಟ್ಟಾಗಿ ಕೈಗೊಂಡ ತೀರ್ಮಾನ.

ಒಟ್ಟಾಗುವುದು ಸುಲಭವಲ್ಲ. ಹಸಿದವನಿಗೆ ಇಂದಿನ ಹಿಡಿ ರಾಗಿ ಮುಂದಿನ ವರ್ಷದ ಖಂಡುಗಕ್ಕಿಂತ ದೊಡ್ಡದು. ಕಣಜ ತುಂಬಿದವನು ಕಾಯಬಲ್ಲ. ಈ ಭೇದವನ್ನು ಹಿಂದಿನವರು ಉಪದೇಶವೊಂದರಿಂದಲೇ ಕಳೆಯಲು ಹೋಗಲಿಲ್ಲ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ. ಶಾಸನಗಳು ಹೇಳುವ ಕಟ್ಟುಕೊಡಗೆ, ದಸವಂದಗಳು ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿಸಿದವನಿಗೆ ಸಲ್ಲುವ ಭೂಮಿಯ ಕೊಡುಗೆಗಳು. ಆ ಭೂಮಿ ಕೆರೆಯ ಕೆಳಗಣ ಗದ್ದೆಯಾದಾಗ, ಏರಿ ಒಡೆದರೆ ಕೊಡುಗೆಯೂ ಒಣಗುತ್ತದೆ. ಒಬ್ಬನ ಫಲ ಎಲ್ಲರ ಕಾಯುವಿಕೆಯೊಡನೆ ಗಂಟುಬಿದ್ದಿರುತ್ತದೆ. ನೀರಗಂಟಿ ತೂಬು ತೆರೆಯುವುದೂ ಊರವರ ಕಣ್ಣೆದುರಿಗೇ.

ಕೊಳವೆ ಬಾವಿ ಈ ಗಂಟನ್ನು ಬಿಚ್ಚಿತು. ನೆಲದೊಳಗಿನ ನೀರು ಎಲ್ಲರದು, ಪಂಪು ಒಬ್ಬನದು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ನೀರಿದ್ದರೆ, ಹುಳು ಕಟ್ಟಿದ ಗೂಡು ತಿಂಗಳೊಪ್ಪತ್ತಿನಲ್ಲಿ ಮಾರುಕಟ್ಟೆ ಸೇರುತ್ತದೆ. ಸಾವಿರ ಅಡಿ ಕೊರೆಸುವವನು ಹುಟ್ಟಾ ಆತುರಗಾರನೇನಲ್ಲ. ತಾನು ಉಳಿಸಿದ್ದನ್ನು ಪಕ್ಕದ ಹೊಲದವನು ಎತ್ತಿಬಿಡುವನೆಂದು ತಿಳಿದಾಗ ತಾಳ್ಮೆಯೇ ಅವಿವೇಕವಾಗುತ್ತದೆ. ಕಾಯಬಲ್ಲ ನೂರು ಜನರಿದ್ದೂ ಊರು ಕಾಯಲಾರದೆ ಹೋಗುವುದು ಹೀಗೆ.

ಜೈನ ಶ್ರಾವಕಾಚಾರದ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣದಲ್ಲಿ ಶ್ರಾವಕ ತನ್ನ ಒಡೆತನಕ್ಕೆ ತಾನೇ ಮಿತಿ ಹಾಕಿಕೊಳ್ಳುತ್ತಾನೆ. ತಪಸ್ಸಿನ ಫಲವಾಗಿ ಮುಂದಿನ ಭೋಗವನ್ನು ಬಯಸುವುದನ್ನು ನಿದಾನವೆಂದು ಕರೆದು ಶಲ್ಯಗಳಲ್ಲಿ ಎಣಿಸಲಾಗಿದೆ. ತಡವಾಗಿ ಬರುವ ಫಲಕ್ಕಾಗಿ ಕಾದವನೆಲ್ಲ ನಿರ್ಲೋಭಿಯಲ್ಲವೆಂಬ ಎಚ್ಚರ ಅದರಲ್ಲಿದೆ. ಆದರೆ ವ್ರತ ಒಬ್ಬನದು, ಅಂತರ್ಜಲ ಹಲವರದು. ಒಬ್ಬ ಮಿತಿ ಹಾಕಿಕೊಂಡ ಮಾತ್ರಕ್ಕೆ ನೀರು ಉಳಿಯದು, ಮಿತಿಯೂ ಹಂಚಿಕೆಯಾಗಬೇಕು.

ಹಾಗೆಂದು ಊರ ತೀರ್ಮಾನವೆಲ್ಲ ನ್ಯಾಯವೆನ್ನುವಂತಿಲ್ಲ. ‘ಕೆರೆಗೆ ಹಾರ’ ಜನಪದ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಬಲಿಯಾಗುವವಳು ಕಿರಿಯ ಸೊಸೆ ಭಾಗೀರಥಿ. ಫಲ ಊರಿಗೆ, ಬೆಲೆ ಅವಳಿಗೆ. ನಾಳೆಯ ಹೆಸರಿನಲ್ಲಿ ಕೈಗೊಂಡ ತೀರ್ಮಾನದ ಭಾರ ಮಾತಿಲ್ಲದವರ ತಲೆಗೆ ಜಾರುವುದನ್ನು ಈ ಗೀತೆಯಷ್ಟು ನೇರವಾಗಿ ತೋರಿಸುವ ರಚನೆಗಳು ವಿರಳ.

ಈಗ ಅಂತರ್ಜಲ ನಿಯಂತ್ರಣಕ್ಕೆ 2011ರ ರಾಜ್ಯ ಕಾಯ್ದೆಯಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬಂದಿತೆಂದರೆ ತಾಳ್ಮೆ ಬಂದಂತಲ್ಲ. ಯಾರು ಎಷ್ಟು ಕಾಯಬೇಕು, ಕಾದವರ ಪಾಲನ್ನು ಕಾಪಾಡುವವರು ಯಾರು ಎಂಬುದು ಇತ್ಯರ್ಥವಾಗಬೇಕು. ಆ ಮಾತು ನಡೆಯುವ ಕಟ್ಟೆಯ ಮೇಲೆ ಜಮೀನಿಲ್ಲದವರಿಗೂ ಸೊಸೆಯಂದಿರಿಗೂ ಜಾಗವಿರಬೇಕು.