ಹುಣಸೂರಿನಾಚೆಯ ಹಿಮಾಲಯ

ಹಿಮಾಲಯವನ್ನು ಒಮ್ಮೆಯಾದರೂ ಕಾಣಬೇಕೆಂಬ ಹಂಬಲ ಕನ್ನಡಿಗರಲ್ಲಿ ಬಹು ಹಳೆಯದು. ಕಾಶಿಗೆ ಹೋದವರು ಬದರಿಗೂ ಹೋಗಿಬರುವುದು, ಸೌಕರ್ಯವುಳ್ಳವರು ನೇಪಾಳದ ಗಡಿಯನ್ನು ದಾಟಿ ಪಶುಪತಿನಾಥನ ಸನ್ನಿಧಿಯನ್ನೂ ಸ್ವಯಂಭೂನಾಥದ ಸ್ತೂಪವನ್ನೂ ಕಂಡುಬರುವುದು ಇಂದಿಗೂ ಉಂಟು. ಆ ಪರ್ವತ ಸೀಮೆಯಲ್ಲಿ ಹಿಂದೂ ದೇವಾಲಯ ಎಲ್ಲಿಗೆ ಮುಗಿಯಿತು, ಬೌದ್ಧ ವಿಹಾರ ಎಲ್ಲಿಂದ ಮೊದಲಾಯಿತು ಎಂದು ಗೆರೆಯೆಳೆದು ತೋರಿಸುವುದು ಕಷ್ಟ. ಮುಕ್ತಿನಾಥದ ನೂರೆಂಟು ನೀರಧಾರೆಗಳ ಕೆಳಗೆ ಮಿಂದು ಒಬ್ಬನು ವಿಷ್ಣುವೆಂದು ಕೈಮುಗಿಯುವ ಮೂರ್ತಿಗೇ ಮತ್ತೊಬ್ಬನು ಅವಲೋಕಿತೇಶ್ವರನೆಂದು ದೀಪ ಹಚ್ಚುತ್ತಾನೆ.

ಆದರೆ ಅಂತಹ ಯಾತ್ರೆ ಎಲ್ಲರಿಗೂ ಕೈಗೂಡುವುದಿಲ್ಲ. ಮಕ್ಕಳ ಪರೀಕ್ಷೆ, ಹಿರಿಯರ ಮಂಡಿನೋವು, ತಿಂಗಳ ಸಂಬಳದ ಲೆಕ್ಕಾಚಾರ ಇವು ಅಡ್ಡ ಬರುತ್ತವೆ. ಅಂಥವರಿಗೆ ಮೈಸೂರಿನಿಂದ ಒಂದೇ ದಿನದ ಹಾದಿಯಲ್ಲಿ ಇನ್ನೊಂದು ಹಿಮಾಲಯ ಯಾತ್ರೆ ಸಾಧ್ಯವಿದೆ. ಲಾಸಾ ನಗರದ ಸೆರಾ, ಶಿಗಾತ್ಸೆ ನಗರದ ತಾಶಿ ಲುನ್ಪೊ, ಪೂರ್ವ ಟಿಬೆಟ್ಟಿನ ಪಲ್ಯುಲ್ ಈ ಪ್ರಸಿದ್ಧ ಪೀಠಗಳು ಹುಣಸೂರಿನಿಂದ ಮುಂದೆ, ಪಿರಿಯಾಪಟ್ಟಣ ತಾಲ್ಲೂಕಿನ ಮುಸುಕಿನ ಜೋಳದ ಹೊಲಗಳ ನಡುವೆ ಮರುಹುಟ್ಟು ಪಡೆದು ನಿಂತಿವೆ. ಒಂದು ವಿಹಾರದಿಂದ ಇನ್ನೊಂದಕ್ಕೆ ಆಟೊರಿಕ್ಷಾದಲ್ಲಿ ಕೆಲವೇ ನಿಮಿಷಗಳ ದಾರಿ!

ಹಾದಿಯ ಮೊದಲ ಭಾಗ

ಮೈಸೂರನ್ನು ಬಿಟ್ಟ ಬಸ್ಸು ಬಿಳಿಕೆರೆಯನ್ನು ಹಾದು ಲಕ್ಷ್ಮಣತೀರ್ಥದ ದಂಡೆಯ ಹುಣಸೂರನ್ನು ಮುಟ್ಟುತ್ತದೆ. ಇದು ಹೊಗೆಸೊಪ್ಪಿನ ಸೀಮೆ. ಹೊಲಗಳ ಅಂಚಿನಲ್ಲಿ ಸೊಪ್ಪು ಹದಮಾಡುವ ಎತ್ತರದ ಬ್ಯಾರನ್ನುಗಳು ಸಾಲಾಗಿ ಕಾಣಿಸುತ್ತವೆ. ಊರಿನ ಉತ್ತರಕ್ಕೆ ಗಾವಡಗೆರೆ ಹೋಬಳಿ. ಅದನ್ನು ದಾಟಿ ಮುಂದೆ ಹೋದರೆ ಕಾವೇರಿ ಧುಮ್ಮಿಕ್ಕುವ ಚುಂಚನಕಟ್ಟೆ. ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಸೀತಾದೇವಿ ವಾಡಿಕೆಗೆ ವಿರುದ್ಧವಾಗಿ ರಾಮನ ಬಲಗಡೆ ನಿಂತಿದ್ದಾಳೆ. ಅದರಾಚೆಗೆ ಸಾಲಿಗ್ರಾಮ.

ಸಾಲಿಗ್ರಾಮವೆಂಬ ಹೆಸರೇ ಹಿಮಾಲಯದಿಂದ ಬಂದುದು. ನೇಪಾಳದ ಗಂಡಕೀ ನದಿಯ ಪಾತ್ರದಲ್ಲಿ ದೊರೆಯುವ ಕಪ್ಪು ಶಿಲೆಯನ್ನು ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇಟ್ಟು ಪೂಜಿಸುವುದು ಎಲ್ಲರಿಗೂ ತಿಳಿದ ಸಂಗತಿ. ಚೋಳ ಸೀಮೆಯಲ್ಲಿ ಇರಲಾಗದೆ ಹೊಯ್ಸಳರ ನಾಡನ್ನು ಆಶ್ರಯಿಸಿ ಬಂದ ರಾಮಾನುಜಾಚಾರ್ಯರು ಈ ಊರಿನಲ್ಲಿ ತಂಗಿದ್ದರೆಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಇಲ್ಲಿಯವರೇ ಆದ ವಡುಗನಂಬಿ ಆಚಾರ್ಯರ ಪರಮಶಿಷ್ಯರಾದರು. ಹುಟ್ಟಿದ ನೆಲದಲ್ಲಿ ನೆಲೆ ತಪ್ಪಿ ಬಂದ ಗುರುವಿಗೆ ಮಣೆ ಹಾಕುವ ಅಭ್ಯಾಸ ಈ ಸೀಮೆಗೆ ಆ ಕಾಲದಿಂದಲೂ ಇದ್ದಿತೆನ್ನಬೇಕು. ಮುಂದಿನ ಕಥೆಗೆ ಇದು ಒಳ್ಳೆಯ ಪೀಠಿಕೆ.

ಬೈಲಕುಪ್ಪೆಗೆ ಹೋಗುವ ಮುನ್ನ ಹುಣಸೂರು ತಾಲ್ಲೂಕಿನ ಗುರುಪುರವನ್ನು ನೋಡುವುದು ಮೇಲು. ಇಲ್ಲಿ 1972ರಲ್ಲಿ ಟಿಬೆಟ್ಟಿಗರ ಒಂದು ವಸತಿ ಏರ್ಪಟ್ಟಿತು. ಇದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ರಾಜ್ಯದ ಮುಖ್ಯಮಂತ್ರಿಗಳಾದದ್ದೂ ಅದೇ ವರ್ಷವೇ. ಗುರುಪುರದಲ್ಲಿರುವ ಗ್ಯುಮೆ ತಾಂತ್ರಿಕ ವಿದ್ಯಾಪೀಠವನ್ನು ಲಾಸಾದಲ್ಲಿ 1433ರಲ್ಲಿ ಶೆರಬ್ ಸೆಂಗೆ ಎಂಬ ಆಚಾರ್ಯರು ಸ್ಥಾಪಿಸಿದರು. ದೇಶಬಿಟ್ಟ ಭಿಕ್ಷುಗಳು ಮೊದಲು ಡಾಲ್‌ಹೌಸಿಯಲ್ಲಿ ನೆಲೆನಿಂತು, ಅಲ್ಲಿಂದ 1972ರಲ್ಲಿ ಇಲ್ಲಿಗೆ ಬಂದರು. ಇವರ ಮಂತ್ರಪಠನ ಲೋಕಪ್ರಸಿದ್ಧವಾದುದು. ಒಂದೇ ಕಂಠದಿಂದ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರಗಳು ಹೊರಡುತ್ತವೆ. ಮೊದಲ ಸಲ ಕೇಳುವ ಮಕ್ಕಳು ಕಂಬದ ಮರೆಯಲ್ಲಿ ಯಾವುದೋ ಕಹಳೆ ಇದೆಯೆಂದು ಹುಡುಕುವುದುಂಟು.

ಕಾಡು ಕಡಿದು ಕಟ್ಟಿದ ಊರು

ಹೆದ್ದಾರಿಗೆ ಮರಳಿ, ಚಂಗಾಳ್ವ ಅರಸರ ಹಳೆಯ ರಾಜಧಾನಿಯಾದ ಪಿರಿಯಾಪಟ್ಟಣವನ್ನು ಕಳೆದರೆ ಬೈಲಕುಪ್ಪೆ. ಮೈಸೂರಿನಿಂದ ಇಲ್ಲಿಗೆ ಸುಮಾರು 80 ಕಿಲೋಮೀಟರು. ಇನ್ನೂ ಕೊಂಚ ಮುಂದೆ ಹೋಗಿ ಕಾವೇರಿಯನ್ನು ದಾಟಿದರೆ ಕೊಡಗಿನ ಕುಶಾಲನಗರ.

1959ರ ಮಾರ್ಚ್ ತಿಂಗಳಲ್ಲಿ ದಲಾಯಿ ಲಾಮಾ ಅವರು ಲಾಸಾವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಉತ್ತರದ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿಗಳಾಗಿ ದುಡಿಯುತ್ತಿದ್ದ ಈ ಜನರಿಗೆ ನೆಲ ಬೇಕೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ನೆಲವನ್ನು ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟ್ಟಿಗರು ಈಗಲೂ ಕೃತಜ್ಞತೆಯಿಂದ ನೆನೆಯುತ್ತಾರೆ.

1960ರ ಕೊನೆಯಲ್ಲಿ ಬಂದ ಮೊದಲ ತಂಡದಲ್ಲಿದ್ದವರು 666 ಮಂದಿ. ಲಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3,650 ಮೀಟರು ಎತ್ತರದಲ್ಲಿದೆ. ಅಂತಹ ತಂಪಿನಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿ ಬಾಳಿದವರು ಇಲ್ಲಿಯ ಬಿಸಿಲಿನಲ್ಲಿ ಡೇರೆ ಹಾಕಿ, ಮರ ಕಡಿದು, ಬೇರು ಕಿತ್ತು ಸುಡಬೇಕಾಯಿತು. ಹಗಲು ಧಗೆ, ರಾತ್ರಿ ಆನೆ. ಬಿತ್ತಿದ ಬೆಳೆಯನ್ನು ಹಂದಿಗಳು ತಿಂದವು. ಹಿಂದಿರುಗುವ ದಿನ ಬೇಗ ಬರುವುದೆಂಬ ನಂಬಿಕೆ ಇದ್ದುದರಿಂದ ಗಟ್ಟಿ ಮನೆಯ ಯೋಚನೆ ಮೊದಮೊದಲು ಹಲವರಿಗೆ ಬರಲೇ ಇಲ್ಲ. 1969ರಲ್ಲಿ ಎರಡನೆಯ ವಸತಿಯೂ ಸೇರಿಕೊಂಡಿತು. ಸುತ್ತಲಿನ ರೈತರು ಈ ಊರುಗಳನ್ನು ‘ಕ್ಯಾಂಪು’ ಎಂದೇ ಕರೆದರು. ಒಂದನೆಯ ಕ್ಯಾಂಪು, ನಾಲ್ಕನೆಯ ಕ್ಯಾಂಪು ಎಂಬ ಆ ಲೆಕ್ಕ ಅರುವತ್ತು ವರ್ಷಗಳಾದರೂ ಅಳಿದಿಲ್ಲ. ತಾತ್ಕಾಲಿಕವೆಂಬ ಅರ್ಥ ಆ ಮಾತಿನಲ್ಲಿಯೇ ಉಳಿದುಕೊಂಡಿದೆ.

ಬಿದಿರಿನಿಂದ ಹೊನ್ನಿಗೆ

ಪ್ರವಾಸಿಗಳು ಮೊದಲು ಹೋಗುವುದು ನಾಮ್‌ಡ್ರೋಲಿಂಗ್ ವಿಹಾರಕ್ಕೆ. ಜನರ ಬಾಯಲ್ಲಿ ಇದು ‘ಗೋಲ್ಡನ್ ಟೆಂಪಲ್’. ಪೂರ್ವ ಟಿಬೆಟ್ಟಿನ ಪಲ್ಯುಲ್ ಪೀಠ 1665ರಲ್ಲಿ ಹುಟ್ಟಿದ್ದು. ಅದರ ಹನ್ನೊಂದನೆಯ ಅಧಿಪತಿಗಳಾದ ಪೆನೊರ್ ರಿಂಪೊಚೆ ಅವರು ಸುಮಾರು ಮುನ್ನೂರು ಜನರೊಡನೆ ಹೊರಟರಂತೆ. ಭಾರತವನ್ನು ಮುಟ್ಟಿದವರು ಮೂವತ್ತು ಜನ ಮಾತ್ರ. ಅವರು 1963ರಲ್ಲಿ ಕೆಲವೇ ಭಿಕ್ಷುಗಳನ್ನು ಕೂಡಿಸಿಕೊಂಡು ಇಲ್ಲಿ ಬಿದಿರಿನ ಗುಡಿಯೊಂದನ್ನು ಕಟ್ಟಿದರು. ಗುರುಗಳೇ ಕಲ್ಲು ಮಣ್ಣು ಹೊತ್ತರೆಂದು ಹೇಳುತ್ತಾರೆ.

ಇಂದು ಅಲ್ಲಿ 1999ರಲ್ಲಿ ಪೂರ್ಣಗೊಂಡ ಮಹಾವಿಹಾರ ನಿಂತಿದೆ. ಒಳಗೆ ಕಾಲಿಟ್ಟೊಡನೆ ಮೂರು ಹೊನ್ನಿನ ಮೂರ್ತಿಗಳು ಕಣ್ಣನ್ನು ತುಂಬುತ್ತವೆ. ನಡುವೆ 60 ಅಡಿ ಎತ್ತರದ ಶಾಕ್ಯಮುನಿ ಬುದ್ಧ. ಎರಡು ಪಾರ್ಶ್ವಗಳಲ್ಲಿ 58 ಅಡಿಗಳ ಪದ್ಮಸಂಭವ ಮತ್ತು ಅಮಿತಾಯುಸ್. ತಾಮ್ರದಿಂದ ರೂಪಿಸಿ ಚಿನ್ನದ ಲೇಪ ಕೊಟ್ಟ ಈ ಮೂರ್ತಿಗಳ ಒಡಲಿನಲ್ಲಿ ಧರ್ಮಗ್ರಂಥಗಳನ್ನೂ ಮಹಾತ್ಮರ ಅವಶೇಷಗಳನ್ನೂ ಮಣ್ಣಿನ ಪುಟ್ಟ ಸ್ತೂಪಗಳನ್ನೂ ಇರಿಸಿದ್ದಾರೆ. ಗೋಡೆಗಳ ಮೇಲೆ ಡ್ರ್ಯಾಗನ್‌ಗಳೂ ಮೋಡಗಳೂ ಉಗ್ರದೇವತೆಗಳೂ ತುಂಬಿವೆ. ಉಗ್ರರೂಪಗಳನ್ನು ಕಂಡು ಬೆರಗಾದವರು ನಮ್ಮ ನರಸಿಂಹನನ್ನೂ ವೀರಭದ್ರನನ್ನೂ ನೆನೆದರೆ ಸಾಕು, ಅಪರಿಚಿತವೆಂಬ ಭಾವ ಹೊರಟುಹೋಗುತ್ತದೆ.

ಬಲಗಡೆಯಿಂದ ಪ್ರದಕ್ಷಿಣೆ, ತುಪ್ಪ ಬೆಣ್ಣೆಗಳ ದೀಪ, ಘಂಟೆ, ಧೂಪ, ಸಾಷ್ಟಾಂಗ ನಮಸ್ಕಾರ ಇವೆಲ್ಲವೂ ನಮಗೆ ಬಳಕೆಯವೇ. ಶೈವರಿಗೆ ಷಡಕ್ಷರಿ ಇರುವಂತೆ ಇವರಿಗೂ ಒಂದು ಷಡಕ್ಷರಿ ಉಂಟು. ಕೈಯಲ್ಲಿ ತಿರುಗುವ ಚಕ್ರದೊಳಗೆ ಅದೇ ಮಂತ್ರ ಬರೆದ ಕಾಗದದ ಸುರುಳಿ ಇರುತ್ತದೆ.

ಹೋದದ್ದು, ಬಂದದ್ದು

ಈ ಸಾಮ್ಯಕ್ಕೆ ಕಾರಣವಿಲ್ಲದೆ ಇಲ್ಲ. ಎಂಟನೆಯ ಶತಮಾನದಲ್ಲಿ ಪದ್ಮಸಂಭವನೂ ಶಾಂತರಕ್ಷಿತನೂ ದೊರೆಯ ಕರೆಯ ಮೇರೆಗೆ ಭಾರತದ ಕಡೆಯಿಂದ ಹಿಮಾಲಯವನ್ನು ಹತ್ತಿ ಟಿಬೆಟ್ಟಿಗೆ ಧರ್ಮವನ್ನು ಒಯ್ದರು. ಟಿಬೆಟ್ಟಿನ ಲಿಪಿಯೂ ಭಾರತದ ಲಿಪಿಯ ಮಾದರಿಯಲ್ಲಿ ರೂಪುಗೊಂಡುದು. ಬ್ರಾಹ್ಮಿಯನ್ನು ಅಜ್ಜಿಯೆಂದು ಭಾವಿಸಿದರೆ ಕನ್ನಡದ ಅಕ್ಷರಗಳೂ ವಿಹಾರದ ಬಾಗಿಲ ಮೇಲಿನ ಅಕ್ಷರಗಳೂ ದೂರದ ದಾಯಾದಿಗಳು.

ಕನ್ನಡ ನಾಡಿಗಂತೂ ಹಿಮಾಲಯದೊಡನೆ ಇನ್ನೂ ನೇರವಾದ ನಂಟಿದೆ. 1097ರಲ್ಲಿ ನಾನ್ಯದೇವನು ಮಿಥಿಲೆಯಲ್ಲಿ ಸ್ಥಾಪಿಸಿದ ರಾಜ್ಯಕ್ಕೆ ಕರ್ಣಾಟ ವಂಶವೆಂದೇ ಹೆಸರು. ಅದರ ರಾಜಧಾನಿಯ ಅವಶೇಷಗಳು ಈಗ ನೇಪಾಳದ ಸಿಮ್ರೌನ್‌ಗಢದಲ್ಲಿವೆ. ಕಾಠ್ಮಂಡುವಿನ ಪಶುಪತಿನಾಥನ ಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ಕರ್ನಾಟಕದಿಂದ ಹೋದ ವೈದಿಕರು. 2008ರ ಕೊನೆಯಲ್ಲಿ ಆ ಸ್ಥಾನಕ್ಕೆ ನೇಪಾಳದವರನ್ನು ನೇಮಿಸಿದಾಗ ದೊಡ್ಡ ವಿವಾದವೆದ್ದಿತು; ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ಇಲ್ಲಿಂದ ಹೋದವರು ಕರೆಸಿಕೊಂಡವರಾಗಿ ಹೋದರು. ಅಲ್ಲಿಂದ ಬಂದವರು ಮಾತ್ರ ಎಲ್ಲವನ್ನೂ ಕಳೆದುಕೊಂಡು ಬಂದರು. ಭೇದವಿಷ್ಟೇ.

ಸೆರಾ ಮತ್ತು ತಾಶಿ ಲುನ್ಪೊ

ನಾಮ್‌ಡ್ರೋಲಿಂಗ್ ನೋಡಿ ಹಿಂದಿರುಗಿದವರು ಬೈಲಕುಪ್ಪೆಯ ಅರ್ಧವನ್ನು ಮಾತ್ರ ನೋಡಿದಂತೆ. 1419ರಲ್ಲಿ ಲಾಸಾದ ಬಳಿ ಕಟ್ಟಿದ ಸೆರಾದಲ್ಲಿ 1959ಕ್ಕೆ ಮೊದಲು ಐದು ಸಾವಿರಕ್ಕೂ ಮಿಕ್ಕಿ ಭಿಕ್ಷುಗಳಿದ್ದರು. ತಪ್ಪಿಸಿಕೊಂಡು ಬಂದವರಲ್ಲಿ ಅನೇಕರು ಬಂಗಾಳದ ಬಕ್ಸಾ ಎಂಬಲ್ಲಿ ಹತ್ತು ವರ್ಷ ಕಳೆದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆ ಅದು. ಸೆಕೆ ಮತ್ತು ಕ್ಷಯರೋಗಗಳಿಗೆ ಹಲವರು ಬಲಿಯಾದರು. ಆದರೂ ಪಾಠ ನಿಲ್ಲಲಿಲ್ಲ. ಉಳಿದವರಲ್ಲಿ ಸುಮಾರು 300 ಭಿಕ್ಷುಗಳು 1970ರಲ್ಲಿ ಬೈಲಕುಪ್ಪೆಗೆ ಬಂದು, ಹಗಲು ಗುದ್ದಲಿ ಹಿಡಿದು, ಸಂಜೆ ತರ್ಕಶಾಸ್ತ್ರ ಓದಿ ಸೆರಾವನ್ನು ಮತ್ತೆ ಎಬ್ಬಿಸಿದರು.

ಸೆರಾದ ಅಂಗಳದಲ್ಲಿ ನಡೆಯುವ ವಾಕ್ಯಾರ್ಥವನ್ನು ನೋಡದೆ ಬರಬಾರದು. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಕಾಲೆತ್ತಿ, ಕೈಗೆ ಕೈ ತಟ್ಟಿ ಸಿಡಿಲಿನಂತೆ ಪ್ರಶ್ನೆಯನ್ನು ಎಸೆಯುತ್ತಾನೆ. ನೂರಾರು ಜೋಡಿಗಳು ಒಟ್ಟಿಗೆ ವಾದಕ್ಕಿಳಿದಾಗ ಆ ಸದ್ದು ಮೊದಲ ಮಳೆಯ ಸದ್ದಿನಂತೆ ಕೇಳುತ್ತದೆ. ನಮ್ಮ ಪಾಠಶಾಲೆಗಳ ವಿದ್ವತ್ಸಭೆಗಳಲ್ಲಿ ಕೂತು ನಡೆಯುವುದು ಇಲ್ಲಿ ಕುಣಿದು ನಡೆಯುತ್ತದೆ.

ಶಿಗಾತ್ಸೆಯಲ್ಲಿ 1447ರಲ್ಲಿ ಮೊದಲನೆಯ ದಲಾಯಿ ಲಾಮಾ ಅವರು ಕಟ್ಟಿಸಿದ ತಾಶಿ ಲುನ್ಪೊ ಇಲ್ಲಿ 1972ರಲ್ಲಿ ಮರಳಿ ಆರಂಭವಾಯಿತು. ಅದರ ಹೊಸ ಸಭಾಮಂದಿರ 2015ರ ಡಿಸೆಂಬರಿನಲ್ಲಿ ತೆರೆಯಿತು. ಇಲ್ಲಿ ಜನಜಂಗುಳಿ ಕಡಮೆ. ಮಧ್ಯಾಹ್ನದ ಹೊತ್ತು ಗಾಳಿಗೆ ಐದು ಬಣ್ಣದ ಮಂತ್ರಪತಾಕೆಗಳು ಪಟಪಟಿಸುವ ಸದ್ದು ಬಿಟ್ಟರೆ ಬೇರೇನೂ ಕೇಳದು.

ಮುಂದೇನು?

ಹೊನ್ನಿನ ಮೂರ್ತಿಗಳ ಎದುರು ಭಾವಚಿತ್ರ ತೆಗೆಸಿಕೊಂಡು, ಕಡುಬಿನಂತಹ ಮೊಮೊ ತಿಂದು ಬಸ್ಸು ಹತ್ತುವ ಪ್ರವಾಸಿಗೆ ಈ ಊರು ಸದಾಕಾಲ ಹೀಗೆಯೇ ಇರುತ್ತದೆಂದು ತೋರಬಹುದು. ಒಳಗಿನ ಸ್ಥಿತಿ ಬೇರೆ. ಇಲ್ಲಿಯ ಜಮೀನು ಟಿಬೆಟ್ಟಿಗರ ಸ್ವಂತದ್ದಲ್ಲ, ಸರ್ಕಾರ ಬಾಳಲು ಕೊಟ್ಟದ್ದು. ಮುಸುಕಿನ ಜೋಳದ ಆದಾಯ ಸಾಲದೆ ಮನೆಮಂದಿ ಚಳಿಗಾಲದಲ್ಲಿ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುವುದು ಹಳೆಯ ರೂಢಿ. ಓದಿದ ಯುವಕ ಯುವತಿಯರು ಬೆಂಗಳೂರಿಗೂ ಅಲ್ಲಿಂದ ಅಮೆರಿಕ, ಕೆನಡಾಗಳಿಗೂ ತೆರಳುತ್ತಿದ್ದಾರೆ. ಕ್ಯಾಂಪುಗಳ ಹಲವು ಮನೆಗಳಲ್ಲಿ ವೃದ್ಧರು ಮಾತ್ರ ಉಳಿದಿದ್ದಾರೆ. 2008ರಿಂದೀಚೆಗೆ ಟಿಬೆಟ್ಟಿನಿಂದ ಬರುವವರ ಸಂಖ್ಯೆಯೂ ತೀರ ಇಳಿದಿದೆ.

ವಿಹಾರಗಳು ಮಾತ್ರ ಬರಿದಾಗಿಲ್ಲ. ಲಡಾಖ್, ಸಿಕ್ಕಿಂ, ಅರುಣಾಚಲ, ನೇಪಾಳ, ಭೂತಾನಗಳಿಂದ ಬಂದ ಬಾಲಕರು ಕೆಂಪು ಶಾಟಿ ಹೊದ್ದು ಪಾಠಕ್ಕೆ ಕೂರುತ್ತಾರೆ. ಹೀಗೆ ಹಿಮಾಲಯದ ಊರೂರುಗಳು ಹುಣಸೂರು ಪಿರಿಯಾಪಟ್ಟಣಗಳ ನೆಲಕ್ಕೆ ನಿಜವಾಗಿಯೂ ಬಂದು ಕೂಡಿವೆ. ಸೆರಾದ ಮೂಲ ವಿಹಾರ ಲಾಸಾದಲ್ಲಿ ಈಗಲೂ ನಿಂತಿದೆ. ಆದರೆ ಅದು ತುಂಬಿ ತುಳುಕುತ್ತಿದ್ದುದನ್ನು ಕಣ್ಣಾರೆ ಕಂಡವರು ಇಲ್ಲಿ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಈ ಹುಡುಗರಿಗೆ ಸೆರಾ ಎಂದರೆ ಬೈಲಕುಪ್ಪೆಯೇ. ಪಕ್ಕದ ಹೊಲದ ಜೋಳದ ತೆನೆ, ಪಿರಿಯಾಪಟ್ಟಣದ ಸಂತೆ, ಅಂಗಡಿಯವನೊಡನೆ ಆಡುವ ನಾಲ್ಕು ಕನ್ನಡದ ಮಾತು, ಇವೂ ಅವರ ಸೆರಾದಲ್ಲಿ ಸೇರಿಹೋಗಿವೆ. ಎರವಲು ನೆಲದಲ್ಲಿ ನೆಟ್ಟ ಹೆಸರು ಎಷ್ಟು ಕಾಲ ಬಾಳೀತೆಂಬುದು ಇನ್ನು ಆ ಹಿರಿಯರ ನೆನಪಿಗಿಂತ ಹೆಚ್ಚಾಗಿ ಈ ಹುಡುಗರ ಓದಿನ ಮೇಲೆ ನಿಂತಿದೆ.

ಇಲ್ಲಿಗೆ ಹೋಗುವವರು ಬೆಳಗಿನ ಹೊತ್ತಿಗೇ ಮುಟ್ಟುವುದು ಒಳ್ಳೆಯದು. ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಪೂಜೆ ನಡೆಯುವಾಗ ಮಾತು ಸಲ್ಲದು. ಫೆಬ್ರವರಿ ಮಾರ್ಚ್ ತಿಂಗಳುಗಳ ನಡುವೆ ಬರುವ ಲೋಸಾರ್, ಅಂದರೆ ಟಿಬೆಟ್ಟಿಗರ ಹೊಸ ವರ್ಷಕ್ಕೆ ಮೊದಲಿನ ದಿನಗಳಲ್ಲಿ ಹೋದವರಿಗೆ ನಾಮ್‌ಡ್ರೋಲಿಂಗಿನ ಅಂಗಳದಲ್ಲಿ ಮುಖವಾಡದ ನೃತ್ಯವನ್ನೂ ಎತ್ತರಕ್ಕೆ ಇಳಿಬಿಟ್ಟ ಮಹಾಚಿತ್ರಪಟವನ್ನೂ ನೋಡುವ ಯೋಗವಿರುತ್ತದೆ. ಆ ದಿನ ಕ್ಯಾಂಪಿನವರೊಡನೆ ಸುತ್ತಲಿನ ಹಳ್ಳಿಯ ಜನರೂ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದು ನಿಂತಿರುತ್ತಾರೆ.