ಸಾಸಿವೆ ಡಬ್ಬಿಯೊಳಗಿನ ಮಾತ್ರೆ

ಹೋದ ವರ್ಷ ಮಿಡಿ ಉಪ್ಪಿನಕಾಯಿ ಹಾಕಲು ಕೂತಿದ್ದೆ. ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಬೆರಳಿಗೆ ಏನೋ ತಾಗಿತು. ತೆಗೆದು ನೋಡಿದರೆ ಟ್ರಮಡಾಲ್ ಮಾತ್ರೆಯ ಎರಡು ಸ್ಟ್ರಿಪ್. ಒಂದು ಅರ್ಧ ಖಾಲಿ.

ನಮ್ಮ ಅತ್ತೆಗೆ ಆಗ 76 ವರ್ಷ. ಬೆನ್ನುಮೂಳೆ ಸವೆದು ನರ ಒತ್ತಿಕೊಂಡು, ಆರು ವರ್ಷಗಳಿಂದ ಸೊಂಟದಿಂದ ಪಾದದವರೆಗೆ ನೋವು. ಬೇರೆ ಮಾತ್ರೆ ನಾಟದಿದ್ದಾಗ ವೈದ್ಯರು ಬೆಳಗ್ಗೆ ಒಂದು, ರಾತ್ರಿ ಒಂದು ಟ್ರಮಡಾಲ್ ಬರೆದುಕೊಟ್ಟಿದ್ದರು. ‘ಅದು ಅಫೀಮಿನ ಜಾತಿಯದಂತೆ, ಅಭ್ಯಾಸವಾದರೆ ಬಿಡೋದಿಲ್ಲವಂತೆ’ ಎಂದು ಪಕ್ಕದ ಮನೆಯವರು ಹೇಳಿದ ದಿನವೇ ನಾನು ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ರಾತ್ರಿ ಒಂದು ಮಾತ್ರ ಕೊಡುತ್ತಿದ್ದೆ. ಹಗಲಲ್ಲಿ ನರಳಿದರೆ ಔಷಧಿ ಅಂಗಡಿಯಿಂದ ನಾನೇ ತಂದ ಡೈಕ್ಲೋಫೆನಾಕ್. ಅದು ‘ಮಾಮೂಲಿ ನೋವಿನ ಮಾತ್ರೆ’ ಅಲ್ಲವೇ!

ಡಬ್ಬಿ ಹಿಡಿದುಕೊಂಡು ಅತ್ತೆಯ ಮುಂದೆ ನಿಂತೆ. “ಈ ವಯಸ್ಸಲ್ಲಿ ಇದೇನು ಚಟ ಅತ್ತೆ?” ಅಂದುಬಿಟ್ಟೆ. ಹಳೆಯ ಚೀಟಿ ಕೊಟ್ಟು ಆಟೋದವನ ಕೈಲಿ ತರಿಸಿಕೊಂಡಿದ್ದರು. ಅವರು ಜಗಳವಾಡಲಿಲ್ಲ. “ನೋವು ತಡೆಯಕ್ಕಾಗಲ್ಲ ಕಣೇ. ನಿನ್ನ ಹತ್ರ ಎಷ್ಟು ಸಲ ಕೇಳಲಿ?” ಅಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಸಂಜೆ ಊಟ ಮಾಡಲಿಲ್ಲ.

ಮರುವಾರ ಅವರನ್ನು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋದೆ. ಚಟ ಬಿಡಿಸಿ ಎಂದು ಕೇಳುವುದೇ ನನ್ನ ಉದ್ದೇಶ. ವೈದ್ಯೆ ಮಾತ್ರ ನನ್ನ ಕಡೆ ನೋಡದೆ ಅತ್ತೆಯನ್ನು ಕೇಳಿದರು: “ಅಮ್ಮಾ, ಈ ನೋವಿನಿಂದ ನಿಮಗೆ ಯಾವ ಕೆಲಸ ಮಾಡಕ್ಕಾಗ್ತಿಲ್ಲ?” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂತು ಹೂ ಕಟ್ಟಕ್ಕಾಗಲ್ಲ” ಅಂದರು. ಆರು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿರಲೇ ಇಲ್ಲ.

ಆಮೇಲೆ ವೈದ್ಯೆ ನನಗೆ ಬಿಡಿಸಿ ಹೇಳಿದರು. ಇಂಥ ಮಾತ್ರೆಗೆ ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ಚಡಪಡಿಕೆ, ನಿದ್ದೆಗೇಡು. ಇದಷ್ಟೇ ಚಟವಲ್ಲ. ಹಾನಿಯಾಗುತ್ತಿದ್ದರೂ ಬಿಡಲಾಗದೆ ಮನಸ್ಸು ಅದರ ಹಿಂದೆಯೇ ಓಡುವುದು ಚಟ. ನೋವು ತಗ್ಗದವರೂ ಮಾತ್ರೆಗಾಗಿ ಪದೇ ಪದೇ ಕೇಳುತ್ತಾರೆ, ಬಚ್ಚಿಡುತ್ತಾರೆ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಹಾಗಂತ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ದುರುಪಯೋಗ ಹೆಚ್ಚಾಗಿದ್ದರಿಂದಲೇ 2018ರಲ್ಲಿ ಸರ್ಕಾರ ಟ್ರಮಡಾಲ್ ಅನ್ನು ಮಾದಕವಸ್ತು ಕಾಯ್ದೆಯಡಿ ತಂದಿತು. ವಯಸ್ಸಾದವರಿಗೆ ಅದರಿಂದ ಮಂಪರು, ತಲೆಸುತ್ತು, ಮಲಬದ್ಧತೆ ಬರಬಹುದು. ರಾತ್ರಿ ಎದ್ದಾಗ ಬೀಳಬಹುದು. ನಿದ್ದೆಮಾತ್ರೆಯ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಬರೀ ಭಯವೂ ಜನರನ್ನು ನರಳಿಸುತ್ತದೆ. 1985ರ ಅದೇ ಕಾಯ್ದೆಯ ಬಿಗಿ ನಿಯಮಗಳಿಂದಾಗಿ ನಮ್ಮ ದೇಶದಲ್ಲಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. 2014ರಲ್ಲಿ ತಿದ್ದುಪಡಿ ತಂದು ನಿಯಮ ಸಡಿಲಿಸಬೇಕಾಯಿತು.

ಕೊನೆಗೆ ವೈದ್ಯೆ ಕೇಳಿದರು: “ಇವರಿಗೆ ಬಿ.ಪಿ. ಇದೆ. ದಿನಾ ಡೈಕ್ಲೋಫೆನಾಕ್ ಕೊಡೋಕೆ ಯಾರು ಹೇಳಿದ್ದು?” ನನ್ನ ಬಾಯಿ ಕಟ್ಟಿತು. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ ಕೆಡಿಸಬಹುದು, ರಕ್ತದೊತ್ತಡ ಏರಿಸಬಹುದು. ವೈದ್ಯರು ಬರೆದ ಮಾತ್ರೆಗೆ ಬೀಗ ಹಾಕಿ, ಯಾರೂ ಬರೆಯದ ಮಾತ್ರೆಯನ್ನು ನಾನು ಕೈಯಾರೆ ಕೊಟ್ಟಿದ್ದೆ. ಪುಣ್ಯಕ್ಕೆ ರಕ್ತಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ.

ಡೈಕ್ಲೋಫೆನಾಕ್ ಅಂದೇ ನಿಂತಿತು. ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ಫಿಸಿಯೋಥೆರಪಿ ಶುರುವಾಯಿತು. ಟ್ರಮಡಾಲ್ ಅನ್ನು ವೈದ್ಯೆ ತಿಂಗಳುಗಳ ಕಾಲ ನೋಡಿಕೊಂಡು ನಿಧಾನವಾಗಿ ಇಳಿಸಿದರು. ಈಗ ರಾತ್ರಿ ಒಂದೇ ಸಾಕು. ಮಾತ್ರೆಯ ಪೆಟ್ಟಿಗೆ ಅತ್ತೆಯ ಮಂಚದ ಪಕ್ಕದಲ್ಲಿದೆ. ತೆಗೆದುಕೊಂಡದ್ದನ್ನು ಹಳೆಯ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೂ ಕುರ್ಚಿಯಲ್ಲಿ ಕೂತು ಒಂದು ಮೊಳ ಕನಕಾಂಬರ ಕಟ್ಟುತ್ತಾರೆ.

ಈ ವರ್ಷವೂ ಮಿಡಿ ಬಂತು. ನಾನು ಸಾಸಿವೆ ಡಬ್ಬಿ ತೆಗೆಯುವುದನ್ನು ನೋಡಿ ಅತ್ತೆ ಕುರ್ಚಿಯಿಂದಲೇ, “ಚೆನ್ನಾಗಿ ಕೈಯಾಡಿಸಿ ನೋಡೇ, ಏನಾದ್ರೂ ಸಿಗಬಹುದು” ಅಂದರು. ನಗಲು ನನಗೆ ಒಂದು ಕ್ಷಣ ಹಿಡಿಯಿತು. ಅವರು ಆಗಲೇ ನಗುತ್ತಿದ್ದರು.