ಚಿಂತಾಮಣಿಯ ಬಯಲೂ ಮುನ್ನೂರ ಹದಿನೈದರ ರೈಫಲೂ

ಚಿಂತಾಮಣಿಯಿಂದ ಕೈವಾರದತ್ತ ಹೊರಟ ಪ್ರವಾಸಿಗೆ ದಾರಿಯುದ್ದಕ್ಕೂ ಬೋಳುಬಂಡೆಯ ಗುಡ್ಡಗಳೂ, ಅವುಗಳ ಬುಡದಲ್ಲಿ ರಾಗಿಯ ಹೊಲಗಳೂ ಎದುರಾಗುತ್ತವೆ. ಕೈವಾರವೇ ಮಹಾಭಾರತದ ಏಕಚಕ್ರನಗರವೆಂದೂ, ಊರವರ ಅನ್ನವನ್ನೂ ಆಳನ್ನೂ ನುಂಗುತ್ತಿದ್ದ ಬಕಾಸುರನನ್ನು ಭೀಮಸೇನನು ಇಲ್ಲಿಯೇ ಕೊಂದನೆಂದೂ ಸ್ಥಳಪುರಾಣ. ಭೀಮನಿಗೆ ಬರಿಗೈ ಸಾಕಾಗಿತ್ತು. ಬೆಳೆಗೆ ನುಗ್ಗುವ ಕಾಡುಹಂದಿಯ ಮುಂದೆ ರೈತನ ಕೈ ಅಷ್ಟು ಬಲವಾದುದಲ್ಲ.

ಭಾರತದ ಸಾಧಾರಣ ಬೇಟೆಗಾರನ ಹಣದ ಚೀಲಕ್ಕೆ ಬಹುಕಾಲ ಎಟುಕಿದ ರೈಫಲೆಂದರೆ .315ರದು. ಅದರ ಅಳತೆಯನ್ನು ಗೊತ್ತುಮಾಡಿದುದು ಬೇಟೆಯಲ್ಲ, ಸರ್ಕಾರದ ಅಂಜಿಕೆ. ಸೈನ್ಯದ .303 ತೋಟಾ ಪ್ರಜೆಗಳ ಕೈ ಸೇರಬಾರದೆಂದು ಬ್ರಿಟಿಷರು ನಿರ್ಬಂಧಿಸಿದರು. ಆಗ ಆಸ್ಟ್ರಿಯದ ಸೈನ್ಯದ ಹಳೆಯ 8 ಮಿಲಿಮೀಟರ್ ಮಾನ್‌ಲಿಖರ್ ತೋಟಾವನ್ನೇ .315 ಎಂಬ ಹೆಸರಿನಿಂದ ಬಳಕೆಗೆ ತಂದು, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯವರು ಲೀ ಮಾದರಿಯ ರೈಫಲನ್ನು ಅದಕ್ಕೆ ಹೊಂದಿಸಿದರು. ಸ್ವಾತಂತ್ರ್ಯಾನಂತರ ಕಲ್ಕತ್ತೆಯ ಬಳಿಯ ಈಶಾಪುರದ ಸರ್ಕಾರಿ ಕಾರ್ಖಾನೆಯೂ ಅದನ್ನು ತಯಾರಿಸಿತು. ಬಾಗಿಲ ಅಗುಳಿಯಂತೆ ಬೋಲ್ಟನ್ನು ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ನೂಕಿದರೆ ಹೊಸದು ಒಳಸೇರುತ್ತದೆ. ತೋಟಾದ ಬುಡಕ್ಕೆ ಅಂಚುಂಟು. ಗುಂಡು ಸುಮಾರು 16 ಗ್ರಾಂ ತೂಗುತ್ತದೆ. ಮೂತಿಯಲ್ಲಿ ಸೀಸ ತೆರೆದಿರುವ ಗುಂಡು ಮಾಂಸ ಹೊಕ್ಕೊಡನೆ ಅರಳುತ್ತದೆ. ಹಂದಿಗೂ ಜಿಂಕೆಗೂ ಇದು ಧಾರಾಳವಾಯಿತು.

ಧಾರಾಳವಾದುದೇ ತೊಂದರೆ. ಚಿಂತಾಮಣಿಯಂಥ ಬಯಲುಸೀಮೆಯಲ್ಲಿ ಹೊಲದ ಆಚೆ ಮತ್ತೊಂದು ಹೊಲ, ಅದರಾಚೆ ಊರು. ಗುರಿ ತಪ್ಪಿದ ಗುಂಡು ಒಂದು ಮೈಲಿಗೂ ಮೀರಿ ಹೋದೀತು. 1959ರ ಆಯುಧ ಕಾನೂನು ಬೆಳೆ ಕಾಯುವ ಸಾಗುವಳಿದಾರನಿಗೆ ರೈಫಲನ್ನಲ್ಲದೆ ಬಾಯಿಮದ್ದಿನ ನಾಡಕೋವಿಯನ್ನು ಹೆಸರಿಸಿದ್ದು ವಿವೇಕವೇ ಸರಿ.

ಬೇಟೆಯೂ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. 1991ರ ತಿದ್ದುಪಡಿಯು ಲೈಸೆನ್ಸು ಪಡೆದು ಆಡುವ ಬೇಟೆಯನ್ನೂ ನಿಲ್ಲಿಸಿತು. ಹಳೆಯ ರೈಫಲುಗಳಿಗೆ ಈಗ ಉಳಿದಿರುವ ಪ್ರಯಾಣವೆಂದರೆ ಚುನಾವಣೆ ಬಂದಾಗ ಮನೆಯಿಂದ ಪೊಲೀಸ್ ಠಾಣೆಗೆ, ಮುಗಿದ ಮೇಲೆ ಠಾಣೆಯಿಂದ ಮನೆಗೆ!

ಜಿಂಕೆಯನ್ನು ಕಾಣಬೇಕೆನ್ನುವವರು ಚಿಂತಾಮಣಿಯಿಂದ ಪಶ್ಚಿಮಕ್ಕೆ ಹೊರಟು, ಗೌರಿಬಿದನೂರನ್ನು ದಾಟಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು. ಅಲ್ಲಿಯ 798 ಎಕರೆಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹುಲ್ಲಿನ ನಡುವೆ ಸುರುಳಿಗೊಂಬಿನ ಗಂಡುಗಳು ತಲೆಯೆತ್ತಿ ನಿಲ್ಲುತ್ತವೆ. ನೋಡುವ ಕಣ್ಣಿಗೆ ಹಬ್ಬ. ಮೀಸಲಿಗೆ ಎಲ್ಲೆಯುಂಟು, ಹಿಂಡಿಗೆ ಅದರ ಅರಿವಿಲ್ಲ. ಸುತ್ತಲಿನ ಹೊಲಗಳ ಕಡಲೆಕಾಯಿ ಗಿಡ ಚಿಗುರುವ ಕಾಲಕ್ಕೆ ಅದು ಅತ್ತ ಇಳಿಯುತ್ತದೆ. ರೈತರು ಕೂಗು ಹಾಕಿ ಅಟ್ಟುತ್ತಾರೆ.